ಮಂಗಳೂರಿನಲ್ಲೊಬ್ಬ ಪರದೇಶಿ

ಕನ್ನಡದಲ್ಲಿ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದಿಂದ ಬಂದವನು ಎಂಬುದು ಒಂದು. ಹಿಂದೆ ಮುಂದೆ ಯಾರೂ ಇಲ್ಲದವನು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಉರ್ದುವಿನ 'ಪರ್‌ದೇಸ್' ಎಂಬ ಮಾತಿನೊಳಗೂ ಅಗಲಿಕೆಯ ನೋವು ಸೇರಿಕೊಂಡೇ ಇದೆ. ಊರು ಬಿಟ್ಟವನ ಪಾಡು ಏನೆಂಬುದನ್ನು ಈ ಭಾಷೆಗಳು ಯಾರಿಂದಲೋ ಕೇಳಿ ತಿಳಿದುಕೊಂಡದ್ದಲ್ಲ.

ಕರಾವಳಿಯವರಾದ ನಮಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಇಲ್ಲಿನ ಗಂಡಸರು ಬೊಂಬಾಯಿಗೆ, ಕೊಲಂಬೊಗೆ, ರಂಗೂನಿಗೆ ಹೋದರು. ಎಪ್ಪತ್ತರ ದಶಕದಿಂದೀಚೆಗೆ ದುಬೈ, ಬಹರೈನ್, ದಮ್ಮಾಮ್, ಜಿದ್ದಾಗಳಿಗೆ ಹೋದರು. ಎರಡು ವರ್ಷಕ್ಕೊಮ್ಮೆ ಬರುವ ಮನೆಯೊಡೆಯ, ಅವನು ತರುವ ಪೆಟ್ಟಿಗೆ, ಅದರಲ್ಲಿ ಯಾರ್ಯಾರಿಗೆ ಏನೇನು ಎಂಬ ಲೆಕ್ಕ, ಹೊರಡುವ ದಿನದ ಮೌನ ಇವೆಲ್ಲ ನಮ್ಮ ಮನೆಗಳ ಮಾತು. ಆದರೆ ಕಡಲಿಗೆ ಎರಡು ದಡಗಳಿವೆ. ಅರಬ್ಬಿ ಕಡಲಿನ ಆ ಕಡೆಯಿಂದ ದುಡಿಮೆಗಾಗಿ ಮಂಗಳೂರಿಗೆ ಬಂದು, ಇಲ್ಲಿ ಮನೆ ಮಾಡಿ, ಊರಿನ ಕಾಗದಕ್ಕಾಗಿ ಕಾಯುತ್ತಿದ್ದವರೂ ಇದ್ದರು. ಅಂಥ ಒಬ್ಬನ ಬದುಕಿನ ವಿವರಗಳು ಸುಮಾರು ಒಂಬೈನೂರು ವರ್ಷ ಕಳೆದರೂ ಉಳಿದುಕೊಂಡಿವೆ. ಅವನ ಹೆಸರು ಅಬ್ರಹಾಂ ಬಿನ್ ಯಿಜು. ಟ್ಯುನೀಷಿಯಾದ ಯಹೂದಿ. 1132ರಿಂದ 1149ರವರೆಗೆ, ಹೆಚ್ಚು ಕಡಿಮೆ ಹದಿನೇಳು ವರ್ಷ, ಅವನ ಬದುಕು ಮಂಗಳೂರು ಮತ್ತು ಮಲಬಾರ್ ತೀರದಲ್ಲಿ ಕಳೆಯಿತು. ನಡುವೆ ಒಮ್ಮೆ ಏಡನ್‌ಗೆ ಹೋಗಿ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ.

ಉಳಿದುಬಂದ ಕಾಗದಗಳು

ರಾಜನೂ ಅಲ್ಲದ, ಸಂತನೂ ಅಲ್ಲದ ಒಬ್ಬ ವ್ಯಾಪಾರಿಯ ಸುದ್ದಿ ಇಷ್ಟು ಕಾಲ ಹೇಗೆ ಉಳಿಯಿತು? ಕುರ್‌ಆನಿನ ಹರಿದ ಹಾಳೆಯನ್ನಾಗಲಿ ಅಲ್ಲಾಹನ ಹೆಸರಿರುವ ಚೀಟಿಯನ್ನಾಗಲಿ ನಾವು ಕಸಕ್ಕೆ ಹಾಕುವುದಿಲ್ಲ. ಕಾಲಿಗೆ ಸಿಗದಂತೆ ಎತ್ತಿಡುತ್ತೇವೆ, ಇಲ್ಲವೇ ಮಣ್ಣಲ್ಲಿ ಹೂಳುತ್ತೇವೆ. ಯಹೂದಿಗಳಲ್ಲೂ ಇಂಥದೇ ಮರ್ಯಾದೆಯಿದೆ. ದೇವರ ಹೆಸರು ಇರಬಹುದಾದ ಬರಹವನ್ನು ಅವರು ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಅದಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋದ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಮಂದಿರದ ಕೋಣೆಗೆ ಧರ್ಮಗ್ರಂಥದ ಹಾಳೆಗಳ ಜತೆಗೆ ವ್ಯಾಪಾರದ ಪತ್ರ, ಸಾಲದ ಚೀಟಿ, ಮದುವೆ ಒಪ್ಪಂದ, ಸಾಮಾನಿನ ಪಟ್ಟಿ ಎಲ್ಲವೂ ಬಂದು ಬಿದ್ದವು. ಈಜಿಪ್ಟಿನ ಒಣಹವೆಯಲ್ಲಿ ಅವು ಕೊಳೆಯಲಿಲ್ಲ. ಆ ಕೋಣೆ ನಮ್ಮ ಮಂಗಳೂರಿನಲ್ಲಿದ್ದಿದ್ದರೆ ಒಂದೆರಡು ಮಳೆಗಾಲಕ್ಕೇ ಗೆದ್ದಲು ಎಲ್ಲವನ್ನೂ ಮುಗಿಸುತ್ತಿತ್ತು.

1896ರ ಕೊನೆಗೆ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸ ಕೇಂಬ್ರಿಜ್‌ನಿಂದ ಕೈರೋಗೆ ಬಂದು, ಈ ರಾಶಿಯ ದೊಡ್ಡ ಪಾಲನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕೊಂಡೊಯ್ದ. ಉಳಿದದ್ದು ಜಗತ್ತಿನ ಬೇರೆ ಬೇರೆ ಗ್ರಂಥಾಲಯಗಳಿಗೆ ಹಂಚಿಹೋಯಿತು. ಬಿನ್ ಯಿಜುವಿಗೆ ಬಂದ, ಅವನು ಬರೆದ ಹತ್ತಾರು ಕಾಗದಗಳು ಅದರಲ್ಲಿದ್ದವು. ಎಸ್.ಡಿ. ಗೊಯಿಟೀನ್ ತಮ್ಮ ಆಯುಷ್ಯದ ಬಹುಭಾಗವನ್ನು ಗೆನಿಜಾದ ಕಾಗದಗಳಿಗೆ ಕೊಟ್ಟರು. ಅದರಲ್ಲಿ ಭಾರತದೊಡನೆ ವ್ಯಾಪಾರ ಮಾಡಿದವರ ಪತ್ರಗಳನ್ನು ಅವರ ಶಿಷ್ಯ ಮೊರ್ದೆಖಾಯ್ ಫ್ರೀಡ್‌ಮನ್ ಪೂರ್ಣಗೊಳಿಸಿ 2008ರಲ್ಲಿ ದೊಡ್ಡ ಸಂಪುಟವಾಗಿ ತಂದರು. ನಮ್ಮ ಸಾಮಾನ್ಯ ಓದುಗರಿಗೆ ಇದನ್ನು ತಲುಪಿಸಿದವರು ಅಮಿತಾವ್ ಘೋಷ್. 1992ರಲ್ಲಿ ಬಂದ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' ಪುಸ್ತಕ ಈಜಿಪ್ಟಿನ ಹಳ್ಳಿಯಿಂದ ಮಂಗಳೂರಿನವರೆಗೆ ಈ ಜಾಡನ್ನು ಹಿಡಿದು ಬರುತ್ತದೆ.

ಈ ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ ಲಿಪಿಯಲ್ಲಿ ಮಲಯಾಳ ಬರೆದ ಅರಬಿ-ಮಲಯಾಳದ ಪರಂಪರೆಯನ್ನು ಬಲ್ಲ ನಮ್ಮ ಮದ್ರಸಾಗಳ ಹಿರಿಯರಿಗೆ ಇದು ವಿಚಿತ್ರವಾಗಿ ಕಾಣಲಾರದು. ಮನೆಮಾತು ಒಂದು, ಮತದ ಲಿಪಿ ಇನ್ನೊಂದು. ಎರಡನ್ನೂ ಬಿಡಲೊಪ್ಪದ ಜನ ಎರಡನ್ನೂ ಸೇರಿಸಿ ಬರೆಯುತ್ತಾರೆ. ಆ ಯಹೂದಿ ವ್ಯಾಪಾರಿಗಳು ದೇವರನ್ನು ನೆನೆಯುವಾಗಲೂ, ಒಬ್ಬರಿಗೊಬ್ಬರು ಹರಕೆ ಹೇಳುವಾಗಲೂ ಬಳಸುವ ಎಷ್ಟೋ ಮಾತುಗಳು ನಮ್ಮ ಮನೆಗಳಲ್ಲೂ ಕೇಳಿಬರುವಂಥವು.

ಮಹ್ದಿಯಾದಿಂದ ಮಂಜರೂರಿಗೆ

ಬಿನ್ ಯಿಜು ಹುಟ್ಟಿದ್ದು ಇಂದಿನ ಟ್ಯುನೀಷಿಯಾದ ಮಹ್ದಿಯಾ ಎಂಬ ಬಂದರಿನಲ್ಲಿ. ತಂದೆ ಧರ್ಮಶಾಸ್ತ್ರ ಬಲ್ಲವರು. ಮಗನಿಗೂ ಒಳ್ಳೆಯ ವಿದ್ಯೆ ಸಿಕ್ಕಿತು. ಅಕ್ಷರ ಚೆನ್ನಾಗಿತ್ತು, ಕವಿತೆ ಕಟ್ಟುತ್ತಿದ್ದ, ಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದ. ಆದರೆ ಹೊಟ್ಟೆಪಾಡು ಅವನನ್ನು ಪೂರ್ವಕ್ಕೆ ಎಳೆಯಿತು. ಈಜಿಪ್ಟ್ ದಾಟಿ ಏಡನ್ ಸೇರಿದ. ಅಲ್ಲಿ ಅವನಿಗೆ ಮದ್ಮೂನ್ ಬಿನ್ ಹಸನ್ ಎಂಬ ಹಿರಿಯ ವ್ಯಾಪಾರಿಯ ಆಶ್ರಯ ದೊರೆಯಿತು. ಏಡನ್‌ನ ವ್ಯಾಪಾರಿಗಳ ಪ್ರತಿನಿಧಿಯೂ ಯೆಮನಿನ ಯಹೂದಿಗಳ ಮುಖಂಡನೂ ಆಗಿದ್ದ ಮದ್ಮೂನನ ಕೈ ಬಹಳ ಉದ್ದವಿತ್ತು. ಅಲ್ಲಿಂದ ಬಿನ್ ಯಿಜು ಹಡಗು ಹತ್ತಿ, ಅರಬರು 'ಮಂಜರೂರ್' ಎಂದು ಕರೆಯುತ್ತಿದ್ದ ನಮ್ಮ ಮಂಗಳೂರಿಗೆ ಬಂದ.

ಆಗ ಈ ನಾಡಿನಲ್ಲಿ ಆಳುಪರ ಆಳ್ವಿಕೆ. ಕವಿ ಆಳುಪೇಂದ್ರನ ಕಾಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿ ಬಂದರು. ಘಟ್ಟದಿಂದ ಕರಿಮೆಣಸು, ಏಲಕ್ಕಿ ಇಳಿಯುತ್ತಿತ್ತು. ಕಡಲಿನಿಂದ ತಾಮ್ರ, ರೇಷ್ಮೆ, ಹವಳ ಬರುತ್ತಿತ್ತು. ಬಂದರಿನ ಮುಸ್ಲಿಮರ ಇತಿಹಾಸ ಅದಕ್ಕೂ ಹಳೆಯದು. ಬಂದರಿನ ಜೀನತ್ ಭಕ್ಷ್ ಜುಮಾ ಮಸೀದಿಯನ್ನು ಪರಂಪರೆ ಮಾಲಿಕ್ ದೀನಾರ್ ಅವರ ಹೆಸರಿನೊಂದಿಗೆ ಬೆಸೆಯುತ್ತದೆ. ಅರಬಿ ಮಾತಾಡುವವನು ಈ ದಡದಲ್ಲಿ ಇಳಿದರೆ ಜನ ಬೆರಗಾಗಿ ನೋಡುವ ಕಾಲ ಅದಾಗಿರಲಿಲ್ಲ.

ಮಳೆಗಾಲದ ಪಂಚಾಂಗ

ಪರದೇಶಿಯ ವರ್ಷವನ್ನು ಆಳುತ್ತಿದ್ದದ್ದು ಗಾಳಿ. ಆಟಿ ತಿಂಗಳಲ್ಲಿ ನಮ್ಮ ಮೀನುಗಾರರು ದೋಣಿಗಳನ್ನು ದಡಕ್ಕೆ ಎಳೆದು ಕಟ್ಟುವಂತೆ ಆಗ ಹಡಗುಗಳೂ ಸುಮ್ಮನಾಗುತ್ತಿದ್ದವು. ಮುಂಗಾರಿನ ಅಬ್ಬರ ಇಳಿಯುತ್ತಾ ಬಂದಾಗ, ಅದೇ ಗಾಳಿಯ ಕೊನೆಯ ಬೆನ್ನೇರಿ ಏಡನ್‌ನ ಹಡಗುಗಳು ಇತ್ತ ಹೊರಡುತ್ತಿದ್ದವು. ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗಿದ ಮೇಲೆ ಇಲ್ಲಿನ ಸರಕು ಅತ್ತ ಹೋಗುತ್ತಿತ್ತು. ಹಾಗಾಗಿ ಒಂದು ಪತ್ರ ಬರೆದು ಉತ್ತರ ಪಡೆಯಲು ಕಡಿಮೆಯೆಂದರೂ ಒಂದು ವರ್ಷ ಬೇಕು. ಹಡಗು ಮುಳುಗಿದರೆ ಪತ್ರವೂ ಇಲ್ಲ, ಉತ್ತರವೂ ಇಲ್ಲ. ಆದ್ದರಿಂದ ಮುಖ್ಯ ಪತ್ರಗಳನ್ನು ಒಂದಕ್ಕಿಂತ ಹೆಚ್ಚು ಪ್ರತಿ ಮಾಡಿ ಬೇರೆ ಬೇರೆ ಹಡಗುಗಳಲ್ಲಿ ಕಳಿಸುವ ಪದ್ಧತಿಯಿತ್ತು.

ಹೀಗಿರುವಾಗ ವ್ಯಾಪಾರ ನಡೆಯುವುದಾದರೂ ಹೇಗೆ? ನಂಬಿಕೆಯ ಮೇಲೆ. ಬಿನ್ ಯಿಜು ಕಳಿಸಿದ ಮೆಣಸನ್ನು ಮದ್ಮೂನನೋ, ಖಲಫ್ ಬಿನ್ ಇಸ್‌ಹಾಕನೋ, ಯೂಸುಫ್ ಬಿನ್ ಅಬ್ರಹಾಮನೋ ಏಡನ್‌ನಲ್ಲಿ ಮಾರಿಕೊಡುವರು. ಅವರಿಗೆ ಬೇಕಾದದ್ದನ್ನು ಇವನು ಮಂಗಳೂರಿನಲ್ಲಿ ಕೊಂಡು ಕಳಿಸುವನು. ಇದಕ್ಕೆ ದಲ್ಲಾಳಿ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಈ ಬಗೆಯ ಸಂಬಂಧಕ್ಕೆ ಅವರು 'ಸುಹ್ಬಾ' ಎನ್ನುತ್ತಿದ್ದರು. ಉರ್ದು ಓದಿದವರಿಗೆ ಕೂಡಲೇ 'ಸೊಹಬತ್' ನೆನಪಾಗುತ್ತದೆ. ಒಡನಾಟವೇ ಅಲ್ಲಿ ಒಪ್ಪಂದಪತ್ರ. ಯಾರೊಬ್ಬನ ಮಾತು ಸುಳ್ಳೆಂದು ಒಮ್ಮೆ ಹೆಸರಾದರೆ ಏಡನ್‌ನಿಂದ ಕೈರೋದವರೆಗೆ ಅವನ ಬಾಗಿಲು ಮುಚ್ಚಿದಂತೆ.

ಎಲ್ಲರೂ ಮಾತು ಉಳಿಸಿಕೊಂಡರೆಂದಲ್ಲ. ಪತ್ರಗಳಲ್ಲಿ ಏಲಕ್ಕಿಯ ಒಂದು ತಕರಾರು ವರ್ಷಗಟ್ಟಲೆ ಎಳೆಯುತ್ತದೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ಪಡೆದ ಸ್ಥಳೀಯ 'ಕಾರ್ದಾರ'ನೊಬ್ಬ ಸರಕನ್ನೂ ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಏಡನ್‌ನ ಗೆಳೆಯರು ಪತ್ರದಿಂದ ಪತ್ರಕ್ಕೆ ಅದನ್ನೇ ಕೇಳುತ್ತಾರೆ. ಅವನ ಮರ್ಯಾದೆ ಬೀದಿಗೆ ತರುವುದಾಗಿ ಹೆದರಿಸು ಎಂದು ಬುದ್ಧಿ ಹೇಳುತ್ತಾರೆ. ಘಟ್ಟದ ಕೆಳಗೆ ಮುಂಗಡ ಕೊಟ್ಟು ಬೆಳೆಗಾಗಿ ಕಾದು ಕೂತ ಯಾವ ವ್ಯಾಪಾರಿಗೂ ಈ ಕತೆ ಹೊಸದಲ್ಲ.

ಕಂಚು, ಅಡಿಕೆ, ಕಾಗದ

ಬಿನ್ ಯಿಜುವಿನ ದುಡಿಮೆ ಬರೀ ಕೊಂಡು ಮಾರುವುದಲ್ಲ. ಅವನದೊಂದು ಕಂಚಿನ ಕಾರ್ಖಾನೆ ಇತ್ತು. ಏಡನ್‌ನಿಂದ ತಾಮ್ರ, ಸೀಸ, ತವರ ಬರುತ್ತಿತ್ತು. ಅಲ್ಲಿನ ಮನೆಗಳ ಒಡೆದ ಹಳೆಯ ಪಾತ್ರೆಗಳೂ ಬರುತ್ತಿದ್ದವು. ಜತೆಗೆ ಬೋಗುಣಿ ಇಷ್ಟು ಅಗಲ ಇರಲಿ, ಹೂಜಿ ಈ ಆಕಾರದಲ್ಲಿರಲಿ, ದೀಪ ಇಂಥದಿರಲಿ ಎಂಬ ಪಟ್ಟಿ. ಇಲ್ಲಿನ ಕಂಚುಗಾರರು ಅವನ್ನು ಕರಗಿಸಿ ಹೊಸದಾಗಿ ಎರಕ ಹೊಯ್ದು ಕೊಡುತ್ತಿದ್ದರು. ಅಂದರೆ ಕಡಲಾಚೆಯ ಮನೆಯೊಂದರ ಒಡಕು ಹೂಜಿ ಕಡಲು ದಾಟಿ ಬಂದು, ತುಳುನಾಡಿನ ಕೈಗಳಲ್ಲಿ ಮರುಹುಟ್ಟು ಪಡೆದು, ಮತ್ತೆ ಕಡಲು ದಾಟಿ ಅದೇ ಮನೆಗೆ ಹೋಗುತ್ತಿತ್ತು. ಇಷ್ಟು ಖರ್ಚು ಮಾಡಿ ಕಳಿಸಬೇಕಾದರೆ ಇಲ್ಲಿನ ಕಸುಬಿನ ಹೆಸರು ಎಷ್ಟು ದೂರ ಹೋಗಿರಬೇಕು! ದೈವಗಳ ಲೋಹದ ಮೊಗಗಳನ್ನು ಕಂಡವರಿಗೆ ತುಳುನಾಡಿನ ಎರಕದ ಕೈ ಎಂಥದೆಂದು ಗೊತ್ತು.

ಇಲ್ಲಿಂದ ಹೋದದ್ದು ಕರಿಮೆಣಸು, ಏಲಕ್ಕಿ, ಶುಂಠಿ, ಕಬ್ಬಿಣ ಮತ್ತು ಅಡಿಕೆ. ಅಡಿಕೆಗೆ ಅರಬಿಯಲ್ಲಿ ಫೌಫಲ್ ಎನ್ನುತ್ತಾರೆ. ಇದು ನಮ್ಮ ದೇಶದ 'ಪೂಗಫಲ'ದಿಂದಲೇ ಹುಟ್ಟಿದ ಮಾತು ಎನ್ನುವುದುಂಟು. ಅಲ್ಲಿಂದ ಅವನ ಮನೆಗೆ ಬರುತ್ತಿದ್ದ ಸಾಮಾನಿನ ಪಟ್ಟಿ ಓದಿದರೆ ಗಲ್ಫ್‌ನಿಂದ ಬರುವ ಪೆಟ್ಟಿಗೆ ಬಿಚ್ಚಿದಂತಾಗುತ್ತದೆ: ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು, ಗಾಜಿನ ಲೋಟಗಳು, ಚಾಪೆ, ಬಾಣಲೆ, ಈಜಿಪ್ಟಿನ ಬಟ್ಟೆ. 'ಶರ್ಕರಾ' ಎಂಬ ಹೆಸರನ್ನೇ ಜಗತ್ತಿಗೆ ಕೊಟ್ಟ ದೇಶದಲ್ಲಿ ಕೂತು ಅವನು ಆಚೆ ದಡದ ಬಿಳಿ ಸಕ್ಕರೆಗೆ ಆಸೆಪಡುತ್ತಿದ್ದ. ಪರದೇಶದಲ್ಲಿರುವವನ ನಾಲಿಗೆಗೆ ಇತಿಹಾಸ ಬೇಕಿಲ್ಲ, ಮನೆಯ ರುಚಿ ಬೇಕು. ಉಡುಗೊರೆ ಕಳಿಸುವಾಗ ಗೆಳೆಯರು ಇದು ಲೆಕ್ಕಕ್ಕಿಲ್ಲದ ಸಣ್ಣ ವಸ್ತು ಎಂದು ಬರೆಯುವುದು ಆ ಪತ್ರಗಳ ಒಂದು ಶಿಷ್ಟಾಚಾರ. ದೊಡ್ಡ ಪೊಟ್ಟಣವನ್ನು ಮೇಜಿನ ಮೇಲಿಟ್ಟು 'ಏನಿಲ್ಲ, ಸುಮ್ಮನೆ' ಎನ್ನುವ ನಮ್ಮ ಜನರ ಸಂಕೋಚವೂ ಇದೇ.

ಎಲ್ಲಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಾಗಿದ್ದದ್ದು ಕಾಗದ. ಆಗ ಈ ತೀರದಲ್ಲಿ ಬರೆಯುತ್ತಿದ್ದದ್ದು ತಾಳೆಗರಿಯ ಮೇಲೆ. ಶಾಯಿಯ ಲೇಖನಿ ಹಿಡಿದು ಬೆಳೆದವನಿಗೆ ಕಂಠದಿಂದ ಗರಿ ಕೊರೆಯುವುದು ಒಗ್ಗಲಿಲ್ಲವೆಂದು ಕಾಣುತ್ತದೆ. ಏಡನ್‌ನಿಂದ ಕಾಗದ ತರಿಸಿಕೊಳ್ಳುತ್ತಿದ್ದ. ಬಂದ ಪತ್ರಗಳನ್ನು ಎಸೆಯದೆ ಅವುಗಳ ಬೆನ್ನಿನ ಮೇಲೆ, ಅಂಚಿನಲ್ಲಿ, ಲೆಕ್ಕ ಬರೆಯುತ್ತಿದ್ದ, ಕವಿತೆಯ ಕರಡು ಮಾಡುತ್ತಿದ್ದ. ಪ್ರಯಾಣದ ಸಾಮಾನಿನ ಒಂದು ಪಟ್ಟಿಯೂ ಹೀಗೇ ಹಳೆಯ ಕಾಗದದ ಮೇಲೆ ಉಳಿದಿದೆ. ಅದೊಂದನ್ನೇ ಹಿಡಿದು ಎಲಿಜಬೆತ್ ಲ್ಯಾಂಬೋರ್ನ್ 2018ರಲ್ಲಿ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಕಾಗದದ ಬಡತನವೇ ನಮಗೆ ಒಳ್ಳೆಯದನ್ನು ಮಾಡಿತು. ಮಂಗಳೂರಿನಲ್ಲಿ ಧಾರಾಳವಾಗಿ ಕಾಗದ ಸಿಕ್ಕಿದ್ದರೆ ಅವನು ಹಳೆಯ ಪತ್ರಗಳನ್ನು ಇಷ್ಟು ಜೋಪಾನ ಮಾಡುತ್ತಿದ್ದನೋ ಇಲ್ಲವೋ.

ಒಂದೇ ಹಡಗಿನಲ್ಲಿ

ಈ ಯಹೂದಿ ವ್ಯಾಪಾರಿಯ ಸರಕನ್ನು ಹೊತ್ತ ಹಡಗುಗಳು ಯಾರವು? ಮದ್ಮೂನ್ ಒಂದು ಪತ್ರದಲ್ಲಿ ಮಂಗಳೂರಿನ ಮೂವರು ವ್ಯಾಪಾರಿಗಳಿಗೆ ಸಲಾಮು ಹೇಳಿಸಿ, ಮೆಣಸು, ಕಬ್ಬಿಣ, ಶುಂಠಿ, ತೆಂಗಿನ ನಾರು ಮೊದಲಾದವನ್ನು ತುಂಬಿ ಒಂದು ಹಡಗು ಕಳಿಸಲು ಅವರಿಗೆ ಹೇಳು ಎನ್ನುತ್ತಾನೆ. ಅವರಲ್ಲೊಬ್ಬನ ಹೆಸರು 'ಸೂಸ್ ಸೀತಿ'. ನಮ್ಮ ಕಿವಿಗೆ ಅದರಲ್ಲಿ 'ಸೆಟ್ಟಿ' ಕೇಳಿಸದೆ ಇರದು. ಇನ್ನೊಬ್ಬ ಇಸ್‌ಹಾಕ್ ಎಂಬ ಬನಿಯಾ. ಸೀರಾಫಿನ ರಾಮಿಶ್ತ್ ಎಂಬ ಮುಸ್ಲಿಮ್ ಶ್ರೀಮಂತನ ಹಡಗುಗಳ ಹೆಸರೂ ಈ ಪತ್ರಗಳಲ್ಲಿ ಬರುತ್ತದೆ. ಹಿಜರಿ 532ರಲ್ಲಿ ಪವಿತ್ರ ಕಾಬಾಕ್ಕೆ ಚೀನಾದ ಬೆಲೆಬಾಳುವ ಬಟ್ಟೆಯ ಹೊದಿಕೆ ಹೊದಿಸಿದವನು ಇದೇ ರಾಮಿಶ್ತ್. 1135ರ ಸುಮಾರಿಗೆ ಕೀಶ್ ದ್ವೀಪದ ಅಮೀರ ಏಡನ್ ಮೇಲೆ ದಾಳಿ ಮಾಡಿ ಬಂದರನ್ನು ಮುತ್ತಿಗೆ ಹಾಕಿದಾಗ ಊರಿಗೆ ಜೀವ ಬಂದದ್ದು ರಾಮಿಶ್ತನ ಎರಡು ಹಡಗುಗಳು ಬಂದು ಸೇರಿದ ಮೇಲೆ.

1148ರ ಬೇಸಿಗೆಯಲ್ಲಿ ಶಿಲುಬೆಯ ಯುದ್ಧದ ಸೈನ್ಯ ದಮಾಸ್ಕಸ್ ನಗರಕ್ಕೆ ಮುತ್ತಿಗೆ ಹಾಕಿತ್ತು. ಅದೇ ಬೇಸಿಗೆಯಲ್ಲಿ ಖಲಫ್ ಏಡನ್‌ನಲ್ಲಿ ಕೂತು ಮಂಗಳೂರಿನ ಗೆಳೆಯನಿಗೆ ಸರಕಿನ ಲೆಕ್ಕ, ಬೆಲೆ, ಕ್ಷೇಮಸಮಾಚಾರ ಬರೆಯುತ್ತಿದ್ದ. ಚರಿತ್ರೆಯ ಪುಸ್ತಕಗಳಲ್ಲಿ ದಮಾಸ್ಕಸ್‌ನ ಕಾಳಗಕ್ಕೆ ಪುಟಗಟ್ಟಲೆ ಜಾಗವಿದೆ. ಯಹೂದಿಯ ಮೆಣಸು ಮುಸ್ಲಿಮನ ಹಡಗಿನಲ್ಲಿ, ಹಿಂದೂ ಸೆಟ್ಟಿಯ ಮಾತಿನ ಭರವಸೆಯಲ್ಲಿ ಕಡಲು ದಾಟಿದ್ದಕ್ಕೆ ಇಲ್ಲ. ಜಗಳಗಳಿರಲಿಲ್ಲ ಎಂದು ನಾವು ಹೇಳುತ್ತಿಲ್ಲ. ಸಾಲ, ಮೋಸ, ಕಡಲುಗಳ್ಳತನ ಎಲ್ಲ ಇತ್ತು. ಆದರೆ ಆ ಜಗಳಗಳು ಏಲಕ್ಕಿಯ ಹಣಕ್ಕಾಗಿ ನಡೆದವೇ ಹೊರತು ಯಾರು ಯಾವ ದೇವರನ್ನು ಕರೆಯುತ್ತಾರೆ ಎಂಬುದಕ್ಕಾಗಿ ಅಲ್ಲ.

ಬೊಮ್ಮ ಮತ್ತು ಅಶು

ಬಿನ್ ಯಿಜುವಿನ ಮನೆಯ ಇಬ್ಬರು ನಮ್ಮನ್ನು ಅವನಿಗಿಂತ ಹೆಚ್ಚು ಕಾಡುತ್ತಾರೆ. ಒಬ್ಬ ಅವನ ಗುಲಾಮ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿಯಾಗಿ ಬರೆಯುವುದಿಲ್ಲ. ಆದ್ದರಿಂದ ಹೆಸರು ಬ-ಮ-ಹ ಎಂಬ ಮೂರು ಅಕ್ಷರಗಳಲ್ಲಿ ಮಾತ್ರ ಸಿಗುತ್ತದೆ. ಗೊಯಿಟೀನ್ ಇದನ್ನು 'ಬಾಮ' ಎಂದು ಓದಿದರು. ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಪ್ರೊಫೆಸರ್ ಬಿ.ಎ. ವಿವೇಕ ರೈ ಅವರನ್ನು ಕೇಳಿದಾಗ ತುಳುನಾಡಿನ 'ಬೊಮ್ಮ' ಎಂಬ ಹೆಸರಿನ ದಾರಿ ತೆರೆಯಿತು. ಬ್ರಹ್ಮ ಎಂಬುದು ನಮ್ಮ ಜನರ ಬಾಯಲ್ಲಿ ಬೊಮ್ಮನಾಗುತ್ತದೆ. ತುಳುವರ ಬೆರ್ಮೆರ್ ದೈವದ ನಂಟೂ ಅದಕ್ಕಿದೆ. ಕೇಂಬ್ರಿಜ್, ಜೆರುಸಲೇಮ್‌ಗಳ ಗ್ರಂಥಾಲಯದಲ್ಲಿ ಬಿಡಿಸಲಾಗದ ಮೂರು ಅಕ್ಷರಕ್ಕೆ ಹೀಗೆ ತುಳು ಬಲ್ಲವರು ಒಂದು ಅರ್ಥ ಕೊಟ್ಟರು.

ಬೊಮ್ಮ ನೀರು ಹೊರುವ ಆಳಾಗಿರಲಿಲ್ಲ. ಒಡೆಯನ ಸರಕು ತೆಗೆದುಕೊಂಡು ಏಡನ್‌ಗೆ ಹೋಗಿ ವ್ಯಾಪಾರ ಮುಗಿಸಿ ಬರುವ ಪ್ರತಿನಿಧಿ. ಅಲ್ಲಿ ಮದ್ಮೂನ್ ಅವನಿಗೆ ತಿಂಗಳಿಗೆ 2 ದೀನಾರಿನಂತೆ ಖರ್ಚಿಗೆ ಕೊಟ್ಟ ಲೆಕ್ಕವಿದೆ. ಒಮ್ಮೆ ಅವನು ಕುಡಿದು ಬಂದು ಇನ್ನಷ್ಟು ಹಣ ಕೊಡೆಂದು ಗಲಾಟೆ ಮಾಡಿದ್ದನ್ನೂ ಮದ್ಮೂನ್ ದೂರಿ ಬರೆದಿದ್ದಾನೆ. ಕೆಲವು ವರ್ಷ ಕಳೆದ ಮೇಲೆ ಅದೇ ಏಡನ್‌ನ ಪತ್ರಗಳು ಬೊಮ್ಮನಿಗೆ ಹೆಸರು ಹಿಡಿದು ಸಲಾಮು ಹೇಳುತ್ತವೆ. ಅವನ ಹೆಸರಿಗೆ 'ಶೇಖ್' ಎಂಬ ಗೌರವವೂ ಸೇರುತ್ತದೆ. ಆ ಕಾಲದಲ್ಲಿ ಗುಲಾಮನೊಬ್ಬ ಒಡೆಯನ ಬಲಗೈಯಾಗಿ ಬೆಳೆಯಬಹುದಿತ್ತು. ಹಾಗೆಂದು ಗುಲಾಮಗಿರಿಗೆ ಬಣ್ಣ ಬಳಿಯುವುದು ಸರಿಯಲ್ಲ. ಮನುಷ್ಯನನ್ನು ಕೊಳ್ಳುವ ಮಾರುಕಟ್ಟೆ ಇದ್ದದ್ದರಿಂದಲೇ ಬೊಮ್ಮ ಆ ಮನೆಯಲ್ಲಿದ್ದ.

ಇನ್ನೊಬ್ಬಳು ಅಶು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಬಿಡುಗಡೆಯ ಪತ್ರವಿದೆ. ತಾನು ಕೊಂಡಿದ್ದ ಅಶು ಎಂಬ ಹೆಣ್ಣನ್ನು ಬಿನ್ ಯಿಜು ಅದರಲ್ಲಿ ಸ್ವತಂತ್ರಳನ್ನಾಗಿ ಮಾಡುತ್ತಾನೆ. ಅವಳಿಗೆ ಬೆರಾಖಾ ಎಂಬ ಹೊಸ ಹೆಸರು. ಅರಬಿಯ 'ಬರ್ಕತ್' ಎಂಬುದೇ ಅದರ ಅರ್ಥ. ಅವಳನ್ನೇ ಅವನು ಹೆಂಡತಿಯಾಗಿ ಮಾಡಿಕೊಂಡ ಎಂದು ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. ಅವನ ಲೆಕ್ಕಗಳಲ್ಲಿ ಅವಳ ಅಣ್ಣನೋ ತಮ್ಮನೋ ಆದ 'ನಾಯರ್' ಎಂಬವನ ಹೆಸರು ಬರುತ್ತದೆ. ಅದರಿಂದ ಅವಳು ನಾಯರ್ ಮನೆತನದವಳಿರಬಹುದೆಂದು ಘೋಷ್ ಊಹಿಸಿದ್ದಾರೆ. ಮಕ್ಕಳಾದವು. ಮಗ ಸುರೂರ್, ಮಗಳು ಸಿತ್ತುದ್ದಾರ್. ದಾಸಿಗೆ ಹುಟ್ಟಿದ ಮಕ್ಕಳ ಹಕ್ಕೇನು ಎಂಬ ಬಗ್ಗೆ ಬಿನ್ ಯಿಜು ತನ್ನ ಕೈಯಾರೆ ಮಾಡಿಕೊಂಡ ಶಾಸ್ತ್ರದ ಟಿಪ್ಪಣಿಗಳು ಸಿಕ್ಕಿವೆ. ಊರಿನವರು ತನ್ನ ಮಕ್ಕಳನ್ನು ಹೇಗೆ ನೋಡುತ್ತಾರೋ ಎಂಬ ಕಳವಳ ಅವನನ್ನು ಕೊರೆಯುತ್ತಿತ್ತೆಂದು ಕಾಣುತ್ತದೆ.

ಹದಿನೇಳು ವರ್ಷದ ನೂರಾರು ಸಾಲುಗಳ ಪತ್ರವ್ಯವಹಾರದಲ್ಲಿ ಏಡನ್‌ನ ಗೆಳೆಯರು ಮಕ್ಕಳಿಗೆ ಸಲಾಮು ಹೇಳುತ್ತಾರೆ, ಬೊಮ್ಮನಿಗೆ ಹೇಳುತ್ತಾರೆ. ಅಶುವಿನ ಮಾತು ಒಂದಾದರೂ ನಮಗೆ ಕೇಳಿಸುವುದಿಲ್ಲ. ಅವನಿಗೆ ಬಂದ ಸಕ್ಕರೆಯನ್ನು ಡಬ್ಬಿಗೆ ತುಂಬಿದವಳು, ಆ ಬಾಣಲೆಯಲ್ಲಿ ಮೀನು ಹುರಿದವಳು, ಮಕ್ಕಳಿಗೆ ಮಾತು ಕಲಿಸಿದವಳು ಅವಳೇ ಇರಬೇಕು. ಕತೆ ಬರೆಯುವವರಾದ ನಮಗೆ ಅವಳನ್ನು ಕಲ್ಪಿಸಿಕೊಳ್ಳುವ ಸ್ವಾತಂತ್ರ್ಯವಿದೆ. ಇತಿಹಾಸಕ್ಕೆ ಆ ಸ್ವಾತಂತ್ರ್ಯವಿಲ್ಲ.

ವಾಪಸ್ ಹೋದವನು

1149ರಲ್ಲಿ ಬಿನ್ ಯಿಜು ಮಕ್ಕಳನ್ನೂ ಗಳಿಸಿದ್ದನ್ನೂ ತೆಗೆದುಕೊಂಡು ಏಡನ್ ತಲುಪಿದ. ಆ ಸೆಪ್ಟೆಂಬರ್ 11ರಂದು ಒಡಹುಟ್ಟಿದವರಿಗೆ ಪತ್ರ ಬರೆದ. ತಾನು ಸುರಕ್ಷಿತವಾಗಿ ಬಂದಿದ್ದೇನೆ, ನಮಗೆಲ್ಲರಿಗೂ ಸಾಕಾಗುವಷ್ಟು ಇದೆ, ನಿಮ್ಮಲ್ಲೊಬ್ಬರ ಮಗನಿಗೆ ನನ್ನ ಮಗಳನ್ನು ಕೊಡುತ್ತೇನೆ ಎಂಬುದು ಅದರ ಸಾರ. ಆದರೆ ಪತ್ರ ಹೋಗಬೇಕಾದ ಊರು ಆ ಹೊತ್ತಿಗೆ ಹಳೆಯ ಊರಾಗಿ ಉಳಿದಿರಲಿಲ್ಲ. 1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನ ಪಡೆ ಮಹ್ದಿಯಾವನ್ನು ವಶಪಡಿಸಿಕೊಂಡಿತ್ತು. ಮನೆಯವರು ಕಡಲು ದಾಟಿ ಸಿಸಿಲಿ ಸೇರಿದ್ದರು. ಯಾವ ಊರಿಗಾಗಿ ಹದಿನೇಳು ವರ್ಷ ದುಡಿದಿದ್ದನೋ ಆ ಊರೇ ಅವನಿಗೆ ಉಳಿಯಲಿಲ್ಲ.

ತಮ್ಮ ಮುಬಶ್ಶಿರ್ ಈಜಿಪ್ಟಿನಲ್ಲಿ ಅವನ ದೊಡ್ಡ ಮೊತ್ತವೊಂದನ್ನು ನುಂಗಿದ. ಪರದೇಶದಿಂದ ಬಂದವನ ದುಡ್ಡಿನ ಮೇಲೆ ಮನೆಯವರಿಗೆ ಇರುವ ಹಕ್ಕಿನ ಲೆಕ್ಕ ಆಗಲೂ ಹೀಗೇ ಇತ್ತು! ಕೆಲವೇ ವರ್ಷಗಳಲ್ಲಿ ಮಗ ತೀರಿಕೊಂಡ. ಉಳಿದವಳು ಮಗಳೊಬ್ಬಳೇ. ಅವಳು ಏಡನ್‌ನ ಪರಿಚಿತರ ಮನೆಯಲ್ಲಿ ಮೂರು ವರ್ಷ ಬೆಳೆದಳು. ಆ ಮನೆಯವರೇ ತಮ್ಮ ಮಗನಿಗೆ ಅವಳನ್ನು ಕೇಳಿದರು. ಬಿನ್ ಯಿಜು ಒಪ್ಪಲಿಲ್ಲ. ಕಾಣದ ಅಣ್ಣತಮ್ಮಂದಿರ ಮಗನೇ ಪರಕೀಯರಿಗಿಂತ ಹತ್ತಿರ ಎಂಬುದು ಅವನ ಹಟ. ಕೊನೆಗೆ 1156ರಲ್ಲಿ ಫುಸ್ತಾತ್‌ನಲ್ಲಿ ಸಹೋದರ ಯೂಸುಫನ ಮಗ ಪೆರಾಹ್ಯಾನೊಂದಿಗೆ ಮಗಳ ಮದುವೆಯಾಯಿತು. ಅವಳಿಗೆ ಕೊಟ್ಟ ಬಟ್ಟೆಬರೆ, ಒಡವೆಗಳ ಪಟ್ಟಿ ಗೆನಿಜಾದಲ್ಲಿ ಉಳಿದಿದೆ. ತಾಯಿಯ ಊರಾದ ಈ ಮಲಬಾರ್ ತೀರದಲ್ಲಿ ಹುಟ್ಟಿದ ಹುಡುಗಿ ನೈಲ್ ನದಿಯ ದಡದಲ್ಲಿ, ತಾನು ಹುಟ್ಟಿದ ನೆಲವನ್ನು ಎಂದೂ ಕಾಣದ ಗಂಡನ ಮನೆ ಸೇರಿದಳು. ಆಗ 'ಪರದೇಶಿ' ಯಾರಾದರು?

ಮತ್ತು ಅಶು? ಏಡನ್ ತಲುಪಿದ ಸುದ್ದಿಯಲ್ಲಿ ಮಕ್ಕಳ ಮಾತಿದೆ, ಅವಳ ಮಾತಿಲ್ಲ. ಆಮೇಲಿನ ಕಾಗದಗಳಲ್ಲೂ ಅವಳಿಲ್ಲ. ಇಲ್ಲಿಯೇ ಉಳಿದಳೆಂದೇ ಘೋಷ್ ಮತ್ತು ಇತರರು ಬಗೆಯುತ್ತಾರೆ. ಗಾಳಿ ತಿರುಗಿದ ದಿನ ಮಕ್ಕಳನ್ನು ಹಡಗು ಹತ್ತಿಸಿ ದಡದಲ್ಲಿ ನಿಂತಳೋ, ಅದಕ್ಕೂ ಮೊದಲೇ ಮಣ್ಣು ಸೇರಿದ್ದಳೋ, ಕಾಗದ ಅದನ್ನು ಬಿಟ್ಟುಕೊಡುವುದಿಲ್ಲ.

ಬಂದವರು ಮತ್ತು ಇದ್ದವರು

ಸುಮಾರು ಇನ್ನೂರು ವರ್ಷಗಳ ನಂತರ ಇಬ್ನ್ ಬತೂತಾ ಇದೇ ಮಂಜರೂರಿಗೆ ಬಂದ. ಪಾರಸ ಮತ್ತು ಯೆಮನಿನ ವ್ಯಾಪಾರಿಗಳಲ್ಲಿ ಹೆಚ್ಚಿನವರು ಇಳಿಯುವುದು ಇಲ್ಲಿಯೇ, ಇಲ್ಲಿ ಸುಮಾರು 4000 ಮುಸ್ಲಿಮರಿದ್ದಾರೆ ಎಂದು ಅವನು ಬರೆದ. ಒಮ್ಮೊಮ್ಮೆ ಅವರಿಗೂ ಊರವರಿಗೂ ಜಗಳವಾಗುತ್ತದೆ, ಆದರೆ ವ್ಯಾಪಾರಿಗಳು ತನಗೆ ಬೇಕಾದ್ದರಿಂದ ಅರಸನೇ ರಾಜಿ ಮಾಡಿಸುತ್ತಾನೆ ಎಂದೂ ಹೇಳಿದ. ಎಷ್ಟು ನೇರವಾದ ಮಾತು! ಪರಸ್ಪರ ಬೇಕಾಗಿರುವುದು ಸಹಬಾಳ್ವೆಯ ದೊಡ್ಡ ಆಧಾರ. 1498ರ ನಂತರ ಪೋರ್ಚುಗೀಸರು ಬಂದು, ತಮ್ಮ ರಹದಾರಿಯಿಲ್ಲದೆ ಈ ಕಡಲಲ್ಲಿ ಯಾರೂ ಹಡಗು ನಡೆಸಕೂಡದು ಎಂದು ಫಿರಂಗಿ ಇಟ್ಟುಕೊಂಡು ಹೇಳಿದಾಗ ಕಡಲಿನ ಹಳೆಯ ನಡವಳಿಕೆ ಮುರಿಯತೊಡಗಿತು.

ಇಂದು ಈ ಊರಿನಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮಗೆ ಈ ಕಾಗದಗಳು ನೆನಪಾಗುತ್ತವೆ. ಮಂಗಳೂರು ಎಂಬುದು ಬಂದವರೂ ಇದ್ದವರೂ ಸೇರಿ ಕಟ್ಟಿದ ಊರು. ಅದರ ಹಳೆಯ ದಿನಚರಿಯ ಕೆಲವು ಪುಟಗಳು ಅರಬಿ ಮಾತಿನಲ್ಲಿ, ಹೀಬ್ರೂ ಅಕ್ಷರದಲ್ಲಿ ಇವೆ. ಅದನ್ನು ಓದಲು ತುಳು ಬಲ್ಲವರ ಸಹಾಯ ಬೇಕಾಯಿತು.

ಕೊನೆಗೆ ಒಂದು ಮನವಿ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಗಲ್ಫ್‌ನಿಂದ ಬಂದ ತೆಳು ನೀಲಿ ಕಾಗದದ ಪತ್ರಗಳು ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ ಇನ್ನೂ ಇರಬಹುದು. ಬರೆಯಲು ಬಾರದವರು ತಮ್ಮ ಮಾತನ್ನು ಧ್ವನಿಮುದ್ರಿಸಿ ಕಳಿಸಿದ ಕ್ಯಾಸೆಟ್‌ಗಳೂ ಇರಬಹುದು. ಮನೆ ಕೆಡವಿ ಹೊಸದು ಕಟ್ಟುವಾಗ ಇವು ಮೊದಲು ಬೆಂಕಿಗೆ ಹೋಗುತ್ತವೆ. ದಯವಿಟ್ಟು ಸುಡಬೇಡಿ. ಯಾರಿಗೆ ಎಷ್ಟು ಕಳಿಸಿದೆ, ಸೂಟಿ ಯಾವಾಗ, ಮಗಳ ಮದುವೆಗೆ ಎಷ್ಟು ಬೇಕು, ಇಲ್ಲಿ ಬಿಸಿಲು ಹೇಗಿದೆ ಎಂಬ ಮಾತುಗಳೇ ಮುಂದೆ ಚರಿತ್ರೆಯಾಗುತ್ತವೆ. 2009ರಲ್ಲಿ ಸ್ಥಾಪನೆಯಾದ ಬ್ಯಾರಿ ಸಾಹಿತ್ಯ ಅಕಾಡೆಮಿಯಂಥ ಸಂಸ್ಥೆಗಳೂ ನಮ್ಮ ಕಾಲೇಜುಗಳೂ ಇವನ್ನು ಕೇಳಿ ಪಡೆದು ಜೋಪಾನ ಮಾಡಬೇಕು.

ಇನ್ನೂ ಮುಖ್ಯವಾದದ್ದು, ಈ ಪತ್ರಗಳಿಗೆ ಮನೆಯ ಹೆಂಗಸರು ಬರೆದ, ಬರೆಸಿದ ಉತ್ತರಗಳು. ಅವು ಗಲ್ಫ್‌ನ ಕೋಣೆಗಳಿಗೆ ಹೋದವು, ಕೋಣೆ ಬದಲಾಯಿಸುವಾಗ ಹೆಚ್ಚಿನವು ಅಲ್ಲಿಯೇ ಕಳೆದುಹೋದವು. ಅವನ್ನು ಬರೆದವರಲ್ಲಿ ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಬಳಿ ಕೂತು ಆ ವರ್ಷಗಳ ಬಗ್ಗೆ ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಅಶುವಿನ ಬಳಿ ಹಾಗೆ ಕೂತು ಕೇಳಿದವರು ಯಾರೂ ಇರಲಿಲ್ಲ.